ಹಲ್ಲಿನೊಳಗಿನ ಬೇಸಿಗೆ

ಆ ದಿನ ಬೆಳಿಗ್ಗೆಯಿಂದ ಸಲೀಂ ಯಾರೂ ಕೇಳದಿದ್ದ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದ. ಮುಖ ತೊಳೆಯುವಾಗ ಇಲ್ಲ ಎಂದುಕೊಂಡ. ಬ್ಯಾಟರಿ ಅಂಗಡಿಯ ಶಟರ್ ಅರ್ಧ ಎತ್ತಿ, ಇವತ್ತು ಬಾಗಿಲು ತೆಗೆಯುವ ದಿನವಲ್ಲವೆಂದು ನೆನಪಾಗಿ ಮತ್ತೆ ಇಳಿಸುವಾಗ ಇಲ್ಲ ಎಂದುಕೊಂಡ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಮಗಳು ಅಸ್ಫಿಯಾಳ ಕೈ ಹಿಡಿದು ಕೂಡ್ಲಿಗಿ ಬಸ್ಸಿಗೆ ಕಾಯುವಾಗ ಅವನ ತುಟಿ ಅಲುಗಿದ್ದಿರಬೇಕು. ಅವಳು ತಲೆಯೆತ್ತಿ, ಏನು ಅಬ್ಬಾ ಎಂದಳು. ಏನಿಲ್ಲ ಎಂದ. ಇಷ್ಟು ತಿಂಗಳಲ್ಲಿ ಇಲ್ಲ ಎಂಬ ಆ ಒಂದು ಮಾತು ಅವನ ಬಾಯಿಯಲ್ಲಿ ಎಷ್ಟು ನುಣುಪಾಗಿತ್ತೆಂದರೆ, ಅದು ಸುಳ್ಳೆಂಬುದು ಅವನಿಗೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಮರೆತ ಆ ಗಳಿಗೆಗಳಲ್ಲಿ ಅವನು ಹಗುರಾಗಿ ಉಸಿರಾಡುತ್ತಿದ್ದ. ಆಮೇಲೆ ಮಗಳು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ಎಲ್ಲ ಮರಳಿ ಬರುತ್ತಿತ್ತು.

ಬಸ್ಸು ಊರು ದಾಟಿತು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿದ್ದವು. ಅವು ಏನೆಂದು ಅಸ್ಫಿಯಾ ಕೇಳಿದಳು. ಹೋದ ತಿಂಗಳು ಇದೇ ತಿರುವಿನಲ್ಲಿ ಕೇಳಿದ್ದಳು, ಅದರ ಹಿಂದಿನ ತಿಂಗಳೂ ಕೇಳಿದ್ದಳು. ಅವನು ಮೊದಲ ಸಲ ಹೇಳುವವನಂತೆ ಹೇಳಿದ. ಈ ತಾಳ್ಮೆ ಅವನಿಗೆ ಹೊಸದು. ಕಾಯಿಲೆಗೆ ಒಂದು ಹೆಸರು ಸಿಗುವವರೆಗೆ ಇದು ಇರಲಿಲ್ಲ. ಒಂದನೇ ತರಗತಿಯ ಪುಸ್ತಕ ಹಿಡಿದು ಸಂಜೆಯೆಲ್ಲ ಒಂದು ಅಕ್ಷರ ತಿದ್ದಿಸಿದರೆ ಬೆಳಗಾಗುವಷ್ಟರಲ್ಲಿ ಅದು ಅವಳ ತಲೆಯಿಂದ ಹೊರಟುಹೋಗಿರುತ್ತಿತ್ತು. ಒಂದು ದಿನ ಬೆಳಿಗ್ಗೆ ಕೆನ್ನೆಗೆ ಹೊಡೆದಿದ್ದ. ಅವಳು ಅಳಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂತಳು. ಕೆನ್ನೆಗೆ ಹೊಡೆದರೆ ಹೊಟ್ಟೆ ಯಾಕೆ ಹಿಡಿಯುತ್ತೀ, ನಾಟಕ ಮಾಡುತ್ತೀಯಾ ಎಂದು ಇನ್ನೊಂದು ಹೊಡೆದಿದ್ದ. ಆ ಎರಡನೆಯ ಹೊಡೆತವನ್ನು ಅವನು ಯಾರಿಗೂ ಹೇಳಿರಲಿಲ್ಲ. ತನ್ನನ್ನು ಏಳನೇ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದು, ಲೆಕ್ಕ ತಲೆಗೆ ಹೋಗದೆ ಹಲಗೆಯ ಮೇಲಿನ ಸುಣ್ಣದ ಗೆರೆಗಳನ್ನೇ ನೋಡುತ್ತ ನಿಂತದ್ದು, ಹಿಂದಿನಿಂದ ಯಾರೋ ಕಿಸಕ್ಕೆಂದದ್ದು, ಆ ವರ್ಷವೇ ತಂದೆ ಮಕ್ತುಂ ಸಾಬ್ ಇವನಿಗೆ ಓದು ಒಗ್ಗುವುದಿಲ್ಲ ಎಂದು ಪಾತ್ರೆಗೆ ಕಲಾಯಿ ಹಾಕುವ ತನ್ನ ಅಂಗಡಿಗೆ ಕರೆದುಕೊಂಡು ಹೋದದ್ದು, ಇವೆಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು. ಆ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು ಯಶೋಧರಾ, ಅಂಚೆ ಕಚೇರಿಯಲ್ಲಿದ್ದ ದುರುಗಪ್ಪನ ಮಗಳು. ಈಗ ಅವನು ನೋಡಲು ಹೊರಟಿದ್ದು ಅವಳನ್ನೇ.

ಹೋದ ವರ್ಷ ಶಾಲೆ ಶುರುವಾದಾಗ ಅವಳು ಬಂದಿದ್ದಳು. ಯಾವುದೋ ವೈದ್ಯಕೀಯ ಕಾಲೇಜಿನವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನ ಒಂದನೇ ತರಗತಿಯ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಸಂಶೋಧನೆ ಮಾಡುತ್ತಿದ್ದರು. ಊರೂರು ತಿರುಗುವ ಕೆಲಸ ಅವಳದು. ಪ್ರತಿ ಮಗುವಿಗೂ ಒಂದು ಪುಟ್ಟ ಲಕೋಟೆ ಕೊಟ್ಟು, ಹಾಲುಹಲ್ಲು ಬಿದ್ದರೆ ಎಸೆಯಬೇಡಿ, ಇದರಲ್ಲಿ ಹಾಕಿ ಕೊಡಿ ಎಂದಿದ್ದರು. ಅಸ್ಫಿಯಾಳ ರಕ್ತದ ಅಂಕಿ ಐವತ್ತೆಂಟು ಬಂತು; ಹೊಟ್ಟೆನೋವು, ಮರೆವು ಎರಡೂ ಸೀಸದವೇ ಎಂದರು. ಐದು ದಾಟಿದರೆ ಚಿಂತೆ ಮಾಡಬೇಕು ಎಂದು ಯಶೋಧರಾ ಹೇಳಿದಾಗ ಅವನು ಎರಡು ಸಲ ಕೇಳಿದ, ಐದೋ ಐವತ್ತೋ ಎಂದು. ಮಗಳನ್ನು ಬಳ್ಳಾರಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇಟ್ಟುಕೊಂಡು ಕೊಳೆತ ತತ್ತಿಯ ವಾಸನೆಯ ಗುಳಿಗೆ ನುಂಗಿಸಿದರು. ಗುಳಿಗೆ ರಕ್ತದಲ್ಲಿ ಸೀಸವನ್ನು ಹುಡುಕಿ ಹಿಡಿದು ಮೂತ್ರದಲ್ಲಿ ಹೊರಗೆ ಕರೆತರುತ್ತದೆ ಎಂದು ಡಾಕ್ಟರ್ ಚನ್ನಬಸವ ವಿವರಿಸಿದ್ದರು. ದಿನದಿನವೂ ಬಾಟಲಿಯಲ್ಲಿ ಹಿಡಿಯುತ್ತಿದ್ದ ಆ ತಿಳಿಹಳದಿ ನೀರನ್ನು ಸಲೀಂ ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಿದ್ದ. ಅವನು ದಿನವೂ ಕೈಯಲ್ಲಿ ಆಡಿಸುತ್ತಿದ್ದ ಲೋಹ, ಕಿಲೋಗಟ್ಟಲೆ ಎತ್ತಿ ಭುಜ ನೋಯಿಸಿಕೊಳ್ಳುತ್ತಿದ್ದ ಲೋಹ ಅದರೊಳಗಿತ್ತು, ಕಾಣುತ್ತಿರಲಿಲ್ಲ. ಐವತ್ತೆಂಟು ಇಪ್ಪತ್ತಾರಕ್ಕೆ ಇಳಿಯಿತು. ಮನೆಗೆ ಕರೆತಂದರು. ನಾಲ್ಕು ತಿಂಗಳಲ್ಲಿ ಮತ್ತೆ ಏರಿ ನಲವತ್ತೇಳಕ್ಕೆ ನಿಂತಿತು.

ಈ ನಡುವೆ ಅವರು ಮನೆಗೂ ಬಂದಿದ್ದರು, ಬಂದೂಕಿನಂಥ ಯಂತ್ರ ಹಿಡಿದು. ಅದರ ಮೂತಿಯನ್ನು ಗೋಡೆಗೆ, ಪಾತ್ರೆಗೆ, ಹಳೆಯ ತೊಟ್ಟಿಲಿಗೆ ಒತ್ತಿ ಹಿಡಿದರೆ ಅದರಲ್ಲಿ ಎಷ್ಟು ಸೀಸವಿದೆ ಎಂದು ಹೇಳುತ್ತಿತ್ತು. ಓಣಿಯ ಜನ ಬಾಗಿಲಲ್ಲಿ ನೆರೆದು ನೋಡುತ್ತಿದ್ದಾಗ ಅವನ ಅಂಗಿ ಬಿಚ್ಚಿಸಿ ಅದಕ್ಕೂ ಹಿಡಿದರು, ಪೀಂಗುಟ್ಟಿತು. ಅಂಗೈಗೆ ಹಿಡಿದರು, ಪೀಂಗುಟ್ಟಿತು. ಅಸ್ಫಿಯಾ ಆಟವೆಂದು ತಿಳಿದು ನಕ್ಕಳು. ಅಂಗಡಿಯ ಬಟ್ಟೆ ಅಂಗಡಿಯಲ್ಲೇ ಬಿಡಬೇಕು, ಸ್ನಾನ ಮಾಡಿಯೇ ಮನೆಗೆ ಬರಬೇಕು ಎಂದರು. ಅವನು ತಪ್ಪದೆ ಪಾಲಿಸಿದ. ಎಷ್ಟು ತಪ್ಪದೆ ಪಾಲಿಸಿದನೆಂದರೆ, ಪಾಲಿಸುವುದರಲ್ಲೇ ಉಳಿದದ್ದೂ ತೀರಿಹೋಗುತ್ತದೆಂದು ನಂಬಿಕೊಂಡ. ಮನೆಯಲ್ಲಿ ಯಾವತ್ತಾದರೂ ಸೀಸ ಕರಗಿಸಿದ್ದೀರಾ ಎಂದು ಯಶೋಧರಾ ಕೇಳಿದಾಗ ಅವನ ಹೆಂಡತಿ ಶಬ್ನಮ್ ಅವನ ಮುಖ ನೋಡಿದಳು. ಇಲ್ಲ ಎಂದ. ಶಬ್ನಮ್ ತಲೆ ತಗ್ಗಿಸಿ ಒಳಗೆ ಹೋದಳು. ಹಿತ್ತಲ ಮೂಲೆಯಲ್ಲಿ ಒಟ್ಟಿದ್ದ ಕಟ್ಟಿಗೆಯನ್ನು ತೋರಿಸಿ, ಇದರ ಕೆಳಗೂ ನೋಡೋಣವೇ ಎಂದು ಯಶೋಧರಾ ಕೇಳಿದ್ದಳು. ಹಾವು ಸೇರಿಕೊಂಡಿದೆ, ಮುಟ್ಟಬೇಡಿ ಎಂದಿದ್ದ. ಆ ಕಟ್ಟಿಗೆಯನ್ನು ಅವನು ಹಿಂದಿನ ದಿನ ಸಂಜೆಯಷ್ಟೇ ಅಲ್ಲಿಗೆ ಸಾಗಿಸಿ ಒಟ್ಟಿದ್ದ.

ಕೂಡ್ಲಿಗಿಯ ಆಸ್ಪತ್ರೆಯ ಹಿಂಭಾಗದಲ್ಲಿ ಸಂಶೋಧನೆಯವರಿಗೆ ಒಂದು ಕೋಣೆ ಕೊಟ್ಟಿದ್ದರು. ಯಶೋಧರಾ ಬಾಗಿಲಲ್ಲೇ ಬರ್ರಿ ಬರ್ರಿ ಎಂದಳು. ಅಸ್ಫಿಯಾಳ ಮುಂದಿನ ಹಲ್ಲಿನ ಸಂದಿ ನೋಡಿ ನಕ್ಕಳು, ಬಣ್ಣದ ಪೆನ್ಸಿಲು ಕೊಟ್ಟು ಮೂಲೆಯಲ್ಲಿ ಕೂರಿಸಿದಳು. ಅವನ ಮುಂದೆ ಅವಳು ಎಂದೂ ಹಳೆಯ ತರಗತಿಯ ಮಾತು ತೆಗೆದಿರಲಿಲ್ಲ. ಅವನೂ ಮೇಡಂ ಎಂದೇ ಕರೆಯುತ್ತಿದ್ದ. ತನ್ನ ಗುರುತು ಅವಳಿಗೆ ಹತ್ತಿಲ್ಲದಿರಲಿ ಎಂದು ಪ್ರತಿ ಸಲವೂ ಬೇಡಿಕೊಳ್ಳುತ್ತಿದ್ದ. ಡಾಕ್ಟರ್ ಚನ್ನಬಸವ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು, ಕುರ್ಚಿಯನ್ನು ಅವನಿಗೆ ಬಿಟ್ಟಿದ್ದರು. ಆ ಮರ್ಯಾದೆ ಅವನನ್ನು ಚುಚ್ಚಿತು. ಯಶೋಧರಾ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. ಮೊದಲು ಅವನಿಗೆ ಏನೂ ತಿಳಿಯಲಿಲ್ಲ. ಬಾವಿ ತೋಡುವಾಗ ಗೋಡೆಯಲ್ಲಿ ಕಾಣುವ ಮಣ್ಣಿನ ಪದರಗಳಂತೆ, ಒಂದರ ಕೆಳಗೊಂದು ಬಾಗಿದ ಸಾವಿರ ಗೆರೆಗಳು. ಇದು ನಿಮ್ಮ ಮಗಳ ಹಲ್ಲು ಎಂದಳು.

ಸೆಪ್ಟೆಂಬರಿನಲ್ಲಿ ಬಿದ್ದ ಹಲ್ಲು ಅದು. ಅವನ ತಾಯಿ ಜುಬೇದಾ ಬೀ ಅದನ್ನು ಮಾಳಿಗೆಯ ಮೇಲೆ ಎಸೆಯಬೇಕೆಂದು ಹಟ ಹಿಡಿದಿದ್ದಳು. ಶಬ್ನಮ್ ಅತ್ತೆಯ ಕೈಯಿಂದ ತೆಗೆದುಕೊಂಡು ಲಕೋಟೆಗೆ ಹಾಕಿದ್ದಳು. ಜೋಳದ ಕಾಳಿನಷ್ಟು ಚಿಕ್ಕದು. ಅದನ್ನು ಉದ್ದಕ್ಕೆ ಸೀಳಿ, ಉಜ್ಜಿ ಕಾಗದದಷ್ಟು ತೆಳ್ಳಗೆ ಮಾಡಿ, ಬೆಳಕಿನ ಮೊನೆಯಿಂದ ಕೂದಲೆಳೆಗಿಂತ ಸಣ್ಣ ಗುಳಿಗಳನ್ನು ಸುಡುತ್ತ ಹೋಗುತ್ತಾರಂತೆ. ಪ್ರತಿ ಗುಳಿಯಿಂದ ಏಳುವ ಆವಿಯಲ್ಲಿ ಏನೇನಿದೆ ಎಂದು ಯಂತ್ರ ತೂಗುತ್ತದಂತೆ. ಯಶೋಧರಾ ನಿಧಾನವಾಗಿ ಹೇಳಿದಳು.

"ಹಲ್ಲು ಹೊರಗ ಕಾಣೋದು ಕೂಸಿಗೆ ಆರು ತಿಂಗಳಾದ ಮ್ಯಾಲ. ಆದ್ರ ತಾಯಿ ಹೊಟ್ಟ್ಯಾಗ ಇದ್ದಾಗಿಂದ ಅದು ದವಡಿ ಒಳಗ ಕಟ್ಟಿಕೋತ ಬರ್ತೈತಿ, ದಿನಾ ಒಂದೊಂದು ಪದರು. ಆವತ್ತು ಮೈಯಾಗ ಏನಿತ್ತೋ ಅದು ಆ ಪದರಿನಾಗ ಕೂಡ್ತೈತಿ. ಮತ್ತ ಅಳಿಸಂಗಿಲ್ಲ. ಇಲ್ಲಿ ನೋಡ್ರಿ, ಈ ಕರಿ ಗೆರಿ ಐತಲ್ಲ, ಇದು ಆಕಿ ಹುಟ್ಟಿದ ದಿನ."

ಸಲೀಂ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಉಳಿದ ಗೆರೆಗಳಿಗಿಂತ ದಟ್ಟವಾದ, ತುಸು ನಡುಗಿದಂತಿದ್ದ ಒಂದು ಗೆರೆ. ಶಬ್ನಮ್ ಎರಡು ದಿನ ನೋವು ತಿಂದಿದ್ದಳು. ಹೆರಿಗೆ ಕೋಣೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಅವನು ಒಳಗಿನ ಕೂಗು ಕಿವಿಗೆ ಬೀಳದಿರಲೆಂದು ತನ್ನ ಮೊಬೈಲಿನ ಗಡಿಯಾರವನ್ನೇ ನೋಡುತ್ತಿದ್ದ. ಆ ಎರಡು ದಿನ ಯಾರ ನೆನಪಿನಲ್ಲೂ ಸರಿಯಾಗಿ ಉಳಿದಿರಲಿಲ್ಲ, ಶಬ್ನಮ್ಮಳ ನೆನಪಿನಲ್ಲೂ. ಇಲ್ಲಿ ಉಳಿದಿತ್ತು. ತಾಯಿಯ ದೇಹದಿಂದ ಕಡಿದುಕೊಂಡು ಗಾಳಿಗೆ ಬಿದ್ದ ಆ ಹೊತ್ತು ಇನ್ನೂ ಹುಟ್ಟಿರದ ಹಲ್ಲಿನಲ್ಲಿ ಗೆರೆ ಎಳೆದು ಹೋಗಿತ್ತು. ಯಶೋಧರಾಳ ಬೆರಳು ಮುಂದೆ ಸರಿಯಿತು. ಇಲ್ಲಿಂದ ತಾಯಿ ಹಾಲು ಎಂದಳು, ಹಸಿರು ಬಣ್ಣದ ಪಟ್ಟಿ ತೋರಿಸಿ. ಇಲ್ಲಿ ಹಾಲು ಕಡಿಮೆಯಾಗಿ ಬೇರೆ ಆಹಾರ ಶುರುವಾಗಿದೆ. ಹೌದು, ರಾಗಿಯ ಗಂಜಿ, ಜುಬೇದಾ ಬೀ ತಾನೇ ಕಾಸಿ ಸೋಸಿ ಬೆರಳಿನಿಂದ ನೆಕ್ಕಿಸಿದ್ದು. ಮನುಷ್ಯ ಮಾಡಿದ್ದನ್ನೆಲ್ಲ ಹೆಗಲ ಮೇಲೆ ಕೂತು ಬರೆದಿಡುವ ದೇವದೂತರಿದ್ದಾರೆಂದು ತಂದೆ ಹೇಳುತ್ತಿದ್ದ. ಅವನು ಹೌದೆಂದು ತಲೆಯಾಡಿಸಿ ತನ್ನ ಪಾಡಿಗೆ ಇದ್ದುಬಿಟ್ಟಿದ್ದ. ಆ ಬರವಣಿಗೆಯನ್ನು ಕಣ್ಣಾರೆ ನೋಡುವ ದಿನ ಬರುತ್ತದೆಂದು, ಅದು ಕೂಡ್ಲಿಗಿಯ ಸುಣ್ಣ ಬಳಿದ ಕೋಣೆಯಲ್ಲಿ, ತನ್ನ ಮಗುವಿನ ಹಾಲುಹಲ್ಲಿನಲ್ಲಿರುತ್ತದೆಂದು ಅವನು ಎಣಿಸಿರಲಿಲ್ಲ. ಭಯಕ್ಕಿಂತ ಮೊದಲು ಬಂದದ್ದು ಬೆರಗು. ಇಷ್ಟು ಸಣ್ಣದರಲ್ಲಿ ಇಷ್ಟನ್ನು ಇಟ್ಟವನು ಯಾರು ಎಂಬ ಬೆರಗಿನಲ್ಲಿ ಒಂದು ಗಳಿಗೆ ಅವನು ತನ್ನ ಸುಳ್ಳನ್ನೂ ಮರೆತು, ಶಾಲೆಯ ಹಲಗೆಯನ್ನು ಎಂದೂ ನೋಡದ ಹಾಗೆ ಆ ಪರದೆಯನ್ನು ನೋಡಿದ.

ಯಶೋಧರಾ ಇನ್ನೊಂದು ಚಿತ್ರ ತೆರೆದಳು. ಅದೇ ಹಲ್ಲು, ಸೀಸ ಇದ್ದಲ್ಲಿ ಮಾತ್ರ ಬಣ್ಣ. ಹುಟ್ಟುವ ಮೊದಲು ತಿಳಿನೀಲಿ. ಹುಟ್ಟಿದ ಮೇಲೂ ನೀಲಿ. ಆಮೇಲೆ ಇದ್ದಕ್ಕಿದ್ದಂತೆ ಹಳದಿ, ಕಿತ್ತಳೆ, ಬೆಂಕಿಯಂಥ ಕೆಂಪು. ಕೆಂಪು ಮುಗಿದ ಮೇಲೆ ಮತ್ತೆ ನೀಲಿ ಬರಲಿಲ್ಲ, ಹಳದಿಯಲ್ಲೇ ನಿಂತಿತು.

"ಆಕಿ ಹುಟ್ಟಿದ್ದು ಎರಡು ಸಾವಿರದ ಹತ್ತೊಂಬತ್ತು, ಅಕ್ಟೋಬರ್," ಎಂದಳು. "ಇದು ಏಳನೇ ತಿಂಗಳು. ಐದು ವಾರ, ಹೆಚ್ಚಂದ್ರ ಆರು."

ಮೂವತ್ತೇಳು ದಿನ ಎಂದು ಸಲೀಂ ಮನಸ್ಸಿನಲ್ಲಿ ತಿದ್ದಿದ. ಲಾಕ್‌ಡೌನಿನ ಬೇಸಿಗೆ. ಅಂಗಡಿಗೆ ಬೀಗ ಬಿದ್ದು ತಿಂಗಳಾಗಿತ್ತು. ಹರಪನಹಳ್ಳಿಯ ಗುಜರಿ ವ್ಯಾಪಾರಿಯೊಬ್ಬ ತರಕಾರಿ ಗಾಡಿಯಲ್ಲಿ ಹಳೆಯ ಬ್ಯಾಟರಿ ತುಂಬಿ ಕಳಿಸಿ, ಕರಗಿಸಿ ಸೀಸದ ಗಟ್ಟಿ ಮಾಡಿ ಕೊಡು ಎಂದಿದ್ದ. ಮನೆಯ ಒಲೆ ಉರಿಯಬೇಕಿತ್ತು. ಹಿತ್ತಲಲ್ಲಿ ಸುತ್ತಿಗೆಯಿಂದ ಬ್ಯಾಟರಿ ಒಡೆದು, ಒಳಗಿನ ಹಲಗೆಗಳನ್ನು ಕಿತ್ತು, ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಬೆಂಕಿಯ ಮೇಲೆ ಇಟ್ಟ. ಪೊಲೀಸರು ಊಟಕ್ಕೆ ಹೋಗುವ ಮಧ್ಯಾಹ್ನಗಳಲ್ಲಿ. ಸೀಸ ಕರಗಿ ಮೇಲೆ ತೇಲುವ ಕಸದಂಥ ಕಿಟ್ಟ ಸರಿದಾಗ ಅದರ ಮುಖ ಎಷ್ಟು ಚೆಲುವಾಗಿರುತ್ತಿತ್ತು; ಬೆಳ್ಳಿಯ ಕೆರೆಯಂತೆ, ಅದರಲ್ಲಿ ಅವನ ಮುಖವೇ ಅಲುಗುತ್ತ ಕಾಣುತ್ತಿತ್ತು. ನಾಲಿಗೆಯ ಮೇಲೆ ಒಂದು ಬಗೆಯ ಸಿಹಿ ನಿಲ್ಲುತ್ತಿತ್ತು. ಏಳು ತಿಂಗಳ ಅಸ್ಫಿಯಾ ಆಗ ಅಂಬೆಗಾಲಿಡಲು ಕಲಿತಿದ್ದಳು. ಹಿತ್ತಲ ಬಾಗಿಲ ಹೊಸ್ತಿಲವರೆಗೆ ತೆವಳಿ ಬಂದು, ಅಂಗೈಯನ್ನು ನೆಲಕ್ಕೆ ಬಡಿದು, ಆಮೇಲೆ ಬಾಯಿಗೆ ಇಟ್ಟುಕೊಂಡು ಅವನನ್ನು ನೋಡಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಆ ನಗುವಿನ ಬಣ್ಣ ಈಗ ಕೆಂಪಾಗಿ ಪರದೆಯ ಮೇಲಿತ್ತು. ಗಟ್ಟಿಗಳನ್ನೂ ಕಿಟ್ಟವನ್ನೂ ವ್ಯಾಪಾರಿಯೇ ಒಯ್ದ ಎಂದು ಶಬ್ನಮ್‌ಗೆ ಹೇಳಿದ್ದ. ವ್ಯಾಪಾರಿ ಗಟ್ಟಿಗಳನ್ನಷ್ಟೇ ಒಯ್ದಿದ್ದ.

ಡಾಕ್ಟರ್ ಚನ್ನಬಸವ ಈಗ ಮಾತನಾಡಿದರು. ಹರಪನಹಳ್ಳಿ ಕಡೆಯವರು, ಮೆತ್ತಗಿನ ಮಾತು. ಬಳ್ಳಾರಿಯಲ್ಲಿದ್ದಾಗ ಇಳಿದದ್ದು ಮನೆಗೆ ಹೋದ ಮೇಲೆ ಏರಿದೆ. ಎಲುಬಿನಲ್ಲಿ ಕೂತದ್ದು ಸ್ವಲ್ಪ ಹೊರಗೆ ಬರುವುದುಂಟು, ಇಷ್ಟು ಬರುವುದಿಲ್ಲ. ಎಲುಬು ಸೀಸವನ್ನು ಸುಣ್ಣವೆಂದು ನಂಬಿ ಇಟ್ಟುಕೊಳ್ಳುತ್ತದೆ, ಅದರ ತಪ್ಪಿಲ್ಲ ಎಂದು ಹೇಳಿ ಮುಂದುವರಿಸಿದರು.

"ನೋಡಪ್ಪಾ, ಮನೆಯಾಗೆ ಎಲ್ಲೋ ಐತೆ ಅದು. ಎಲ್ಲೈತೆ ಅಂತ ಗೊತ್ತಾಗದೆ ನಾನು ಮತ್ತೆ ಗುಳಿಗೆ ಶುರು ಮಾಡಂಗಿಲ್ಲ. ಒಳಗೆ ಹೋಗ್ತಾ ಇರೋವಾಗ ಕೊಟ್ರೆ ಕೆಲವು ಸಲ ಗುಳಿಗೇನೇ ಅದನ್ನ ಇನ್ನಷ್ಟು ಎಳಕೊಳ್ಳುತ್ತೆ. ಆ ಮಗೀನ್ನ ಹಿಂಗೇ ಇಟ್ಕೊಂಡು ಹೆಚ್ಚು ದಿನ ಕಾಯಂಗಿಲ್ಲ ನಾವು."

ಯಶೋಧರಾ ಕೊನೆಯ ಚಿತ್ರ ತೆರೆದಳು. ಒಂದರ ಕೆಳಗೊಂದು ಆರು ಹಲ್ಲುಗಳು. ಹೆಸರಿರಲಿಲ್ಲ, ಬರೀ ಅಂಕಿ. ಎಲ್ಲದರಲ್ಲೂ ನೀಲಿಯ ನಡುವೆ ಒಂದು ಪಟ್ಟಿ, ಕೆಲವದರಲ್ಲಿ ಹಳದಿ, ಒಂದರಲ್ಲಿ ಮಾತ್ರ ಕಿತ್ತಳೆ. ಇವರೆಲ್ಲ ಕೊಟ್ಟೂರಿನ ಒಂದೇ ಓಣಿಯ ಮಕ್ಕಳು ಎಂದಳು. ಯಾರೆಂದು ಹೇಳಲು ತನಗೆ ಬರುವುದಿಲ್ಲ. ಯಾರ ವಯಸ್ಸೂ ಒಂದೇ ಅಲ್ಲ, ಪಟ್ಟಿ ಬಿದ್ದ ಜಾಗವೂ ಒಂದೇ ಅಲ್ಲ. ಆದರೆ ತಾರೀಖಿಗೆ ಇಳಿಸಿದರೆ ಆರರಲ್ಲೂ ಅದೇ ವಾರಗಳು. ಎಲ್ಲಿಂದ ಬಂತೆಂದು ಹುಡುಕಿ ತಮಗೆ ಸಾಕಾಗಿದೆ ಎಂದಳು.

ಹೆಸರು ಹೇಳುವ ಅಗತ್ಯವಿರಲಿಲ್ಲ. ಆ ಬೇಸಿಗೆ ಓಣಿಯಲ್ಲಿ ಯಾವ ಯಾವ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತೆಂದು ಅವನಿಗೆ ಗೊತ್ತಿತ್ತು. ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕಿತ್ತಳೆ ಪಟ್ಟಿ ಯಾರದೆಂದೂ ಗೊತ್ತಿತ್ತು. ಗೋಡೆಯಾಚೆಯ ಪಕ್ಕೀರಮ್ಮನ ಮೊಮ್ಮಗಳು ಸುಜಾತಾ, ಅಸ್ಫಿಯಾಗಿಂತ ಎರಡು ತಿಂಗಳಿಗೆ ಚಿಕ್ಕವಳು. ಹೊಗೆಯ ವಾಸನೆ ಮುಚ್ಚಲು ಅವನು ಬೆಂಕಿಯ ಮೇಲೆ ಹಸಿ ಬೇವಿನ ಸೊಪ್ಪು ಹಾಕುತ್ತಿದ್ದ. ಏನೋ ಅದು ಎಂದು ಪಕ್ಕೀರಮ್ಮ ಗೋಡೆಯ ಮೇಲಿಂದ ಕೇಳಿದಾಗ, ಬೇವಿನ ಹೊಗೆ ಹಾಕಿದ್ದೇನೆ, ರೋಗಕ್ಕೆ ಒಳ್ಳೆಯದು ಎಂದಿದ್ದ. ಆಗ ಊರಲ್ಲಿ ಎಲ್ಲರೂ ಹಾಕುತ್ತಿದ್ದರು. ಪಕ್ಕೀರಮ್ಮ ನಂಬಿದಳು. ಮರುದಿನದಿಂದ ಹೊಗೆಯೆದ್ದ ಕೂಡಲೇ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದು ಗೋಡೆಯ ಮೇಲೆ ಹಿಡಿಯುತ್ತಿದ್ದಳು. ಕೂಸು ಕೆಮ್ಮುತ್ತಿತ್ತು. ಅವಳು ಅದರ ಬೆನ್ನು ಸವರಿ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತಿದ್ದಳು. ಸಲೀಂ ಅದನ್ನು ನೋಡಿದ್ದ. ಬಾಣಲೆಗೆ ಊದುತ್ತ ನೋಡಿದ್ದ.

ಅವನು ಬಾಯಿ ತೆರೆದ. ಬೆಳಿಗ್ಗೆಯಿಂದ ಸಿದ್ಧಮಾಡಿಟ್ಟ ಮಾತು ಹೊರಗೆ ಬರಲಿಲ್ಲ.

"ಮೂವತ್ತೇಳು ದಿನ ರೀ," ಎಂದ. "ನಾನ ಕರಗಿಸಿದ್ದು. ಕಿಟ್ಟ ಹಿತ್ತಲದಾಗ ಹುಗದೀನಿ. ಆ ಕಟ್ಟಿಗಿ ಕೆಳಗ."

ಕೋಣೆಯಲ್ಲಿ ಅಸ್ಫಿಯಾಳ ಪೆನ್ಸಿಲಿನ ಸದ್ದು ಕೇಳುತ್ತಿತ್ತು. ಈಗ ಬೈಯುತ್ತಾರೆಂದು, ಎದ್ದು ಹೋಗು ಎನ್ನುತ್ತಾರೆಂದು ಅವನು ಕಾದ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಯಶೋಧರಾ ಪುಸ್ತಕ ತೆರೆದು ಎಷ್ಟು ಆಳ, ಎಷ್ಟು ಬುಟ್ಟಿ, ಮೇಲೆ ಯಾವ ಮಣ್ಣು ಹಾಕಿದಿರಿ ಎಂದು ಕೇಳುತ್ತ ಬರೆದುಕೊಂಡಳು. ಅವಳ ಕೈ ಒಂದು ಸಲ ಮಾತ್ರ ನಿಂತಿತು, ಕೋಳಿಗಳು ಕೆದರುವ ಜಾಗ ಎಂದು ಅವನು ಹೇಳಿದಾಗ. ಪೊಲೀಸರಿಗೆ ಹೇಳುತ್ತೀರಾ ಎಂದು ಕೇಳಿದ. ಅದು ನಮ್ಮ ಕೆಲಸವಲ್ಲ, ಮೊದಲು ಮಣ್ಣು ತೆಗೆಯಬೇಕು, ಅಲ್ಲಿಯವರೆಗೆ ಮಗು ಆ ಮನೆಯಲ್ಲಿ ಇರಬಾರದು ಎಂದು ಡಾಕ್ಟರ್ ಹೇಳಿದರು. ಆಗ ಅವನ ಬಾಯಿಂದ ಅವರು ಕೇಳದಿದ್ದ ಮಾತೂ ಬಂತು.

"ಆಕಿಗೆ ಹೊಡದೀನ್ರಿ ನಾನು. ಓದಾಕ ಬರಂಗಿಲ್ಲಂತ. ಎರಡು ಸಲ."

ಚನ್ನಬಸವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹೋದದ್ದೆಲ್ಲ ಮರಳಿ ಬರುತ್ತದೆ ಎಂದು ತಾನು ಸುಳ್ಳು ಹೇಳುವುದಿಲ್ಲ ಎಂದರು. ಗುಳಿಗೆ ರಕ್ತವನ್ನು ತೊಳೆಯುತ್ತದೆ. ತಲೆಯೊಳಗೆ ಆದದ್ದನ್ನು ತೊಳೆಯುವ ಗುಳಿಗೆ ಇನ್ನೂ ಯಾರ ಕೈಯಲ್ಲೂ ಇಲ್ಲ. ಆದರೆ ಆರು ವರ್ಷದ ಮಗು, ತಲೆ ಇನ್ನೂ ಬೆಳೆಯುತ್ತಿದೆ, ಮೂರು ಸಲ ಹೇಳುವಲ್ಲಿ ಮೂವತ್ತು ಸಲ ಹೇಳಬೇಕು. ಹೊರಡುವಾಗ ಯಶೋಧರಾ ಬಾಗಿಲವರೆಗೆ ಬಂದಳು. ದೊಡ್ಡವರ ಮೊಣಕಾಲ ಕೆಳಗಿನ ಎಲುಬಿನಲ್ಲೂ ಹಳೆಯ ಸೀಸ ಎಷ್ಟೋ ವರ್ಷ ಉಳಿದಿರುತ್ತದೆ, ಅದನ್ನೂ ಅಳೆಯಬಹುದು ಎಂದಳು. "ನಿಮ್ಮ ಅಪ್ಪಾರು ಕಲಾಯಿ ಮಾಡ್ತಿದ್ರಲ್ಲ, ನೆನಪೈತಿ ನನಗ. ತವರದಾಗ ಸೀಸ ಬೆರಸ್ತಿದ್ರು ಆಗ ಎಲ್ಲಾರೂ. ನೀವೂ ಒಮ್ಮೆ ತೋರಿಸಿಕೊಳ್ರಿ, ಸಲೀಂ." ಇಷ್ಟು ವರ್ಷದ ಮೇಲೆ ಅವಳು ಅವನನ್ನು ಹೆಸರು ಹಿಡಿದು ಕರೆದಿದ್ದಳು. ಹಾಗಾದರೆ ಎಲ್ಲ ನೆನಪಿತ್ತು, ಬೆಂಚೂ ನೆನಪಿತ್ತು. ಬಸ್ಸಿನಲ್ಲಿ ಮಗಳು ತೋಳಿಗೆ ಒರಗಿ ನಿದ್ದೆಹೋದಾಗ ಅವನಿಗೆ ಆ ಬೆಂಚಿನ ಮೇಲಿನ ಹುಡುಗ ಕಂಡ. ಅವನೂ ಹೊಟ್ಟೆ ಹಿಡಿದುಕೊಂಡು ನಿಂತಿದ್ದನೇ? ನೆನಪಿಗೆ ತಂದುಕೊಳ್ಳಲು ಬಹಳ ಪ್ರಯತ್ನಪಟ್ಟ. ತಂದೆಯ ಮೇಲೆ ಸಿಟ್ಟು ಬರಲಿಲ್ಲ. ಮೂರು ತಲೆಮಾರಿನ ಎಲುಬುಗಳು ಕತ್ತಲಲ್ಲಿ ಸುಮ್ಮನೆ, ಒಂದು ಮಾತೂ ಆಡದೆ, ಲೋಹವನ್ನು ಸುಣ್ಣವೆಂದು ತೆಗೆದಿಟ್ಟುಕೊಳ್ಳುತ್ತ ಬಂದದ್ದು ಅವನಿಗೆ ಕಂಡಿತು, ಆ ವಿಶಾಲವಾದ ಕೆಲಸದ ಮುಂದೆ ಅವನು ಬಸ್ಸಿನ ಸೀಟಿನಲ್ಲಿ ಕುಗ್ಗಿ ಕೂತ.

ಮನೆಗೆ ಬಂದು ಶಬ್ನಮ್‌ಗೆ ಅಡುಗೆಮನೆಯಲ್ಲಿ ಹೇಳಿದ. ಕರಗಿಸಿದ್ದನ್ನು ಅವಳೇ ಕಂಡಿದ್ದಳು. ಕಿಟ್ಟದ ಮಾತು ಗೊತ್ತಿರಲಿಲ್ಲ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. ಲಟ್ಟಿಸುತ್ತಲೇ, ಮಗಳು ಆ ಕಟ್ಟಿಗೆಯ ಪಕ್ಕದಲ್ಲೇ ಮಣ್ಣಿನ ಅಡುಗೆ ಆಟ ಆಡುತ್ತಾಳೆ, ಬೀದಿಗೆ ಹೋಗದೆ ಕಣ್ಣೆದುರು ಇದ್ದಾಳಲ್ಲ ಎಂದು ತಾನೇ ಅಲ್ಲಿ ಕೂರಿಸುತ್ತಿದ್ದೆ ಎಂದಳು. ಅಷ್ಟೇ. ಆಮೇಲೆ ಒಲೆ ಆರಿಸಿ, ಅಸ್ಫಿಯಾಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ತಂಬ್ರಹಳ್ಳಿಯ ತವರಿಗೆ ಸಂಜೆಯ ಬಸ್ಸಿಗೆ ಹೊರಟಳು. ಬಸ್ಸು ಹತ್ತುವ ಮುನ್ನ ಅವನ ಕಡೆ ತಿರುಗಿ, ಓಣಿಯವರಿಗೆ ಆಸ್ಪತ್ರೆಯವರು ಬಂದು ಹೇಳುವ ಮೊದಲು ನೀವು ಹೇಳಿ ಎಂದಳು.

ಪಕ್ಕೀರಮ್ಮ ಅಂಗಳದಲ್ಲಿ ಕಡಲೆಕಾಳು ಆರಿಸುತ್ತಿದ್ದಳು. ಮಗ ಸಂಜೀವ ಹಡಗಲಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಸುಜಾತಾ ಬಾಗಿಲ ಬಳಿ ಪುಸ್ತಕ ಹಿಡಿದು ಕೂತಿದ್ದಳು. ಸಲೀಂ ನಿಂತುಕೊಂಡೇ ಹೇಳಲು ಶುರುಮಾಡಿದ. ಮಾತು ತೊದಲಿತು, ಹಿಂದುಮುಂದಾಯಿತು. ಹಲ್ಲಿನಿಂದ ಶುರುಮಾಡಿ ಬಾಣಲೆಗೆ ಬಂದು, ಬಾಣಲೆಯಿಂದ ಮತ್ತೆ ಹಲ್ಲಿಗೆ ಹೋದ. ಬೇವಿನ ಸೊಪ್ಪಿನ ಹತ್ತಿರ ಬಂದು ನಿಂತುಬಿಟ್ಟ. ಪಕ್ಕೀರಮ್ಮ ಮೊರವನ್ನು ಕೆಳಗಿಟ್ಟಳು.

"ಆ ಹೊಗಿ ಅದಾ?" ಎಂದಳು.

"ಹೂಂ ದೊಡ್ಡವ್ವ."

"ನಾ ಎತ್ತಿ ಹಿಡಿದಿದ್ದೆ ಕೂಸಿನ್ನ."

ಅವನು ತಲೆಯಾಡಿಸಿದ. ಅವಳು ಬಹಳ ಹೊತ್ತು ಆ ಗೋಡೆಯನ್ನು ನೋಡಿದಳು, ಅಲ್ಲಿ ಈಗ ಒಂದು ಒಣಗಿದ ಟವಲ್ಲು ಇತ್ತು. ಆಮೇಲೆ ಸುಜಾತಾಳನ್ನು ಹತ್ತಿರ ಕರೆದು, ಗಲ್ಲ ಹಿಡಿದು ಬಾಯಿ ತೆರೆಸಿ, ಬೀಳದೆ ಉಳಿದ ಹಲ್ಲುಗಳನ್ನು ಒಂದೊಂದಾಗಿ, ಅವುಗಳಲ್ಲಿ ಏನೋ ಬರೆದಿದೆಯೇ ಎಂಬಂತೆ ನೋಡಿದಳು. ಸಲೀಂಗೆ ಹೋಗು ಎಂದಳು. ಅವನು ಹೋದ. ಅವಳ ಮನೆಯಿಂದ ಮುಂದಿನ ಮನೆಗೆ, ಅಲ್ಲಿಂದ ಮುಂದಿನ ಮನೆಗೆ. ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಒಂದು ಮನೆಯಲ್ಲಿ ಅವನ ಅಂಗಿಯ ಕಾಲರ್ ಹಿಡಿದರು, ಅವನು ಬಿಡಿಸಿಕೊಳ್ಳಲಿಲ್ಲ. ಒಬ್ಬಳು ಚಹಾ ಕೊಟ್ಟಳು, ಆಮೇಲೆ ಅರ್ಥವಾಗಿ ಅಳತೊಡಗಿದಳು. ಆರನೆಯ ಮನೆಗೆ ಹೋಗುವಾಗ ಮಾತು ಸರಿಯಾಗಿ ಒಂದರ ಹಿಂದೊಂದು ಬರುತ್ತಿತ್ತು.

ಹತ್ತು ದಿನದಲ್ಲಿ ಮಣ್ಣು ತೆಗೆದರು. ಬಿಳಿಯ ಮುಸುಕು ಹಾಕಿಕೊಂಡವರು ಕಟ್ಟಿಗೆ ಸರಿಸಿ, ನೀರು ಚಿಮುಕಿಸಿ, ಮಣ್ಣನ್ನು ಚೀಲಕ್ಕೆ ತುಂಬಿದರು. ಸೀಸ ಕೆಳಗೆ ಇಳಿಯುವುದಿಲ್ಲವಂತೆ, ಬಿದ್ದ ಕಡೆಯೇ ಇರುತ್ತದಂತೆ, ನೂರಾರು ವರ್ಷ. ಮೊಣಕಾಲುದ್ದ ತೋಡುವಷ್ಟರಲ್ಲಿ ಆ ಬಂದೂಕಿನಂಥ ಯಂತ್ರ ಸುಮ್ಮನಾಯಿತು. ಕೋಳಿಗಳನ್ನೂ ಒಯ್ದರು. ಅಂಗಡಿಗೆ ಪರಿಸರ ಇಲಾಖೆಯ ನೋಟೀಸು ಬಂತು; ಶಟರ್ ಇಳಿದೇ ಇತ್ತು. ಅಸ್ಫಿಯಾಗೆ ಗುಳಿಗೆ ಮತ್ತೆ ಶುರುವಾಯಿತು, ಈ ಸಲ ಇಳಿದ ಅಂಕಿ ಇಳಿದಲ್ಲಿಯೇ ನಿಂತಿತು.

ಓಣಿಯ ಮಕ್ಕಳಿಗೆಲ್ಲ ಮತ್ತೊಮ್ಮೆ ರಕ್ತ ತೆಗೆಯುವ ದಿನ ಅಂಗನವಾಡಿಯ ಮುಂದೆ ಸಾಲು ನಿಂತಿತ್ತು. ಸಲೀಂನನ್ನು ಯಾರೂ ಕರೆದಿರಲಿಲ್ಲ. ಬೇವಿನ ಮರದ ಆಚೆ, ಕಂಡರೂ ಕಾಣದಷ್ಟು ದೂರದಲ್ಲಿ ನಿಂತಿದ್ದ. ಸುಜಾತಾಳ ಸರದಿ ಬಂದಾಗ ಅವಳು ಸೂಜಿ ನೋಡಿ ಕಿರುಚಿ ಕುರ್ಚಿಯಿಂದ ಜಾರಿದಳು. ಪಕ್ಕೀರಮ್ಮ ಸುತ್ತಲೂ ನೋಡಿದಳು. ಅವಳ ಕಣ್ಣು ಅವನ ಮೇಲೆ ನಿಂತಿತು.

"ಬಾ ಇಲ್ಲಿ," ಎಂದಳು. "ನೀನ ಹಿಡಕೊಂಡು ಕುಂದ್ರು. ನೀನ ನೋಡು."

ಜನ ದಾರಿ ಬಿಟ್ಟರು. ಅವನು ಕುರ್ಚಿಯಲ್ಲಿ ಕೂತು ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಯಶೋಧರಾ ಅವಳ ತೋಳಿಗೆ ರಬ್ಬರು ಕಟ್ಟಿ ನರ ಹುಡುಕಿದಳು. ಸುಜಾತಾ ಮುಖವನ್ನು ಅವನ ಎದೆಗೆ ಒತ್ತಿದಳು. ಅವಳ ಎದೆ ಬಡಿಯುವುದು ಅವನ ಪಕ್ಕೆಗೆ ತಾಗುತ್ತಿತ್ತು. ಬೇರೆ ಕಡೆ ನೋಡಬೇಕೆನಿಸಿತು, ನೋಡಲಿಲ್ಲ. ಸೂಜಿ ಒಳಗೆ ಹೋಯಿತು. ಗಾಜಿನ ಕೊಳವೆಯಲ್ಲಿ ರಕ್ತ ಏರತೊಡಗಿತು, ಗಾಢ ಕೆಂಪು, ಬೆಚ್ಚಗೆ, ಎಲ್ಲರ ರಕ್ತದ ಹಾಗೆಯೇ, ಒಳಗೆ ಏನಿದೆಯೆಂದು ಒಂದಿಷ್ಟೂ ತೋರಿಸಿಕೊಡದೆ. ಸಲೀಂ ಅದು ತುಂಬುವವರೆಗೂ ನೋಡಿದ.